ಮಾತಿನ ನಡುವೆ ಮೂರು ಸೆಕೆಂಡು

ನಾನು ಕೆಲಸ ಮಾಡುವ ಕಡೆ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ಎರಡು ವರ್ಷದ ಹಿಂದೆ, ಬ್ಯಾಕಪ್ (ಕಂಪ್ಯೂಟರ್‌ನಲ್ಲಿ ಇರುವುದರ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡುವುದು) ಯಾಕೆ ಬೇಕು ಅಂತ 40 ಜನರಿಗೆ ತಿಳಿಸಿ ಹೇಳಬೇಕಾಗಿ ಬಂತು. 20 ನಿಮಿಷ ಕೊಟ್ಟಿದ್ದರು. ನಾನು 11 ನಿಮಿಷಕ್ಕೇ ಮುಗಿಸಿದೆ. ಏನಾದ್ರೂ ಕೇಳೋದಿದ್ರೆ ಕೇಳಿ ಅಂದೆ. ಯಾರೂ ಕೇಳಲಿಲ್ಲ, ಕುರ್ಚಿ ಸರಿಸುವ ಸದ್ದಷ್ಟೇ ಬಂತು. ವಿಷಯ ನನಗೆ ಚೆನ್ನಾಗಿ ಗೊತ್ತಿತ್ತು, ಆದರೂ ಯಾರಿಗೂ ಮುಟ್ಟಲಿಲ್ಲ. ಇದು ತುಂಬಾ ದಿನ ಕೊರೆಯಿತು.

ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಕೇಳುವ ಧೈರ್ಯ ಬಂದದ್ದು ಒಂದು ವಾರ ಕಳೆದ ಮೇಲೆ. ಮೊದಲ ಸಲ ಅದು ನನ್ನ ದನಿ ಅನ್ನಿಸಲೇ ಇಲ್ಲ. ಇದು ಎಲ್ಲರಿಗೂ ಹಾಗೇ. ನಾವು ಮಾತಾಡುವಾಗ ನಮ್ಮ ದನಿ ಗಾಳಿಯಲ್ಲಷ್ಟೇ ಅಲ್ಲ, ತಲೆಬುರುಡೆಯ ಮೂಳೆಯ ಮೂಲಕವೂ ಕಿವಿಯ ಒಳಗೆ ಹೋಗುತ್ತದೆ. ಹಾಗಾಗಿ ನಮಗೆ ಅದು ತುಂಬಿದ ದನಿಯಾಗಿ ಕೇಳುತ್ತದೆ. ರೆಕಾರ್ಡಿಂಗ್‌ನಲ್ಲಿ ಮೂಳೆಯ ಪಾಲು ಇರುವುದಿಲ್ಲ. ದಯವಿಟ್ಟು ಅಷ್ಟಕ್ಕೇ ಬೇಸರಪಟ್ಟು ಆಫ್ ಮಾಡಬೇಡಿ. ಇನ್ನೊಂದು ಸಲ ಕೇಳಿ.

ನಾನು ಎರಡನೇ ಸಲ ಕೇಳಿದ್ದು ಪೆನ್ನು ಹಿಡಿದು. ‘ಅಂದ್ರೆ’ ಅಂತ ಬಂದಾಗೆಲ್ಲ ಒಂದು ಗೀಟು ಹಾಕಿದೆ. 11 ನಿಮಿಷದಲ್ಲಿ 37 ಗೀಟು! ಒಂದು ವಾಕ್ಯ ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲೆಲ್ಲ ಅದೇ. ಸುಮ್ಮನಿರೋಕೆ ಹೆದರಿ ಅದನ್ನು ತುರುಕುತ್ತಿದ್ದೆ. ಕೇಳುವವರು ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳುವ ಹೊತ್ತು ಅದೇ ಅಲ್ವಾ? ಆ ಹೊತ್ತನ್ನು ನಾನು ಅವರಿಗೆ ಕೊಟ್ಟೇ ಇರಲಿಲ್ಲ.

ಆಮೇಲೆ ನಾನು ಅಭ್ಯಾಸ ಮಾಡಿದ್ದು ಹೆಚ್ಚಾಗಿ ಇದೊಂದನ್ನೇ. ಮುಖ್ಯವಾದ ಮಾತು ಮುಗಿದ ತಕ್ಷಣ ಬಾಯಿ ಮುಚ್ಚುವುದು. ಹೆಬ್ಬೆರಳನ್ನು ತೋರುಬೆರಳು, ನಡುಬೆರಳು, ಉಂಗುರ ಬೆರಳಿಗೆ ಒಂದೊಂದಾಗಿ ಒತ್ತುವುದು. ಅಲ್ಲಿಗೆ ಮೂರು ಸೆಕೆಂಡು. ಮೊದಮೊದಲು ಅದು ಯುಗದಷ್ಟು ಉದ್ದ ಅನ್ನಿಸುತ್ತದೆ. ರೆಕಾರ್ಡ್ ಮಾಡಿ ಕೇಳಿದರೆ ಏನೂ ಉದ್ದವಿಲ್ಲ, ಹದವಾಗಿದೆ ಅಂತ ಗೊತ್ತಾಗುತ್ತದೆ. ಜೊತೆಗೆ, ಒಂದು ವಾಕ್ಯ ಮುಗಿಯುವ ತನಕ ಒಬ್ಬರನ್ನೇ ನೋಡಿ ಹೇಳುವುದು. ಇಡೀ ಸಭೆಯ ಮೇಲೆ ಕಣ್ಣು ಓಡಿಸಿದರೆ ಯಾರನ್ನೂ ನೋಡಿದಂತಾಗುವುದಿಲ್ಲ.

ಪೂರ್ತಿ ಬಾಯಿಪಾಠ ಮಾಡುವುದನ್ನು ಬಿಟ್ಟೆ. ಒಂದು ಪದ ಕೈಕೊಟ್ಟರೆ ಮುಂದಿನದೆಲ್ಲ ಕಳಚಿಕೊಳ್ಳುತ್ತದೆ. ಮೊದಲ ಎರಡು ವಾಕ್ಯ ಮಾತ್ರ ಬಾಯಿಗೆ ಬರಬೇಕು, ಯಾಕೆಂದರೆ ಎದೆ ಜಾಸ್ತಿ ಹೊಡೆದುಕೊಳ್ಳುವುದು ಆಗಲೇ. ಉಳಿದದ್ದಕ್ಕೆ ಚೀಟಿಯಲ್ಲಿ ಐದಾರು ಪದ ಸಾಕು.

ಕಡಿಮೆ ಮಾತಾಡೋಕೆ ಹಿಂಜರಿಯುವವರಿಗೆ ನಾನು ಅಮೆರಿಕದ ಗೆಟ್ಟಿಸ್‌ಬರ್ಗ್ ನೆನಪಿಸುತ್ತೇನೆ. 1863ರ ನವೆಂಬರ್ 19ರಂದು ಅಲ್ಲಿ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತಾಡಿದರು. ಅವರು ಆ ಕಾಲದ ದೊಡ್ಡ ಭಾಷಣಕಾರರು. ಆಮೇಲೆ ಎದ್ದ ಅಧ್ಯಕ್ಷ ಲಿಂಕನ್ ಎರಡು ಮೂರು ನಿಮಿಷದಲ್ಲಿ ಮುಗಿಸಿದರು, ಸುಮಾರು 270 ಪದ ಅಷ್ಟೇ. ಇವತ್ತಿಗೂ ಜನ ನೆನೆಯುವುದು ಆ ಪುಟ್ಟ ಭಾಷಣವನ್ನೇ.

ಕಳೆದ ತಿಂಗಳು ಅದೇ ಬ್ಯಾಕಪ್ ವಿಷಯವನ್ನು ಮತ್ತೆ ಹೇಳಬೇಕಾಯಿತು. ಈ ಸಲ ಪರಿಚಯ, ಪೀಠಿಕೆ ಏನೂ ಇಟ್ಟುಕೊಳ್ಳಲಿಲ್ಲ. “ಒಂದು ಬೆಳಿಗ್ಗೆ ಒಬ್ಬರು ಲ್ಯಾಪ್‌ಟಾಪ್ ಹಿಡಿದು ನನ್ನ ಟೇಬಲ್ ಹತ್ತಿರ ಬಂದು ನಿಂತರು. ಅದು ಆನ್ ಆಗುತ್ತಿರಲಿಲ್ಲ. ಮೂರು ವರ್ಷದ ಲೆಕ್ಕವೆಲ್ಲ ಅದರಲ್ಲೇ ಇತ್ತು” ಅಂದೆ.

ಅಲ್ಲಿಗೆ ನಿಲ್ಲಿಸಿದೆ. ಒಂದು ಬೆರಳು. ಎರಡು. ಮೂರನೇ ಸಾಲಿನಲ್ಲಿ ಚಾರ್ಜರ್ ವೈರ್ ಸುತ್ತುತ್ತಿದ್ದವರ ಕೈ ಅಲ್ಲೇ ನಿಂತಿತು. ಮೂರನೇ ಬೆರಳು ಒತ್ತುವಷ್ಟರಲ್ಲಿ ಹಿಂದಿನಿಂದ ಯಾರೋ ಕೇಳಿದರು: “ಆಮೇಲೆ ಸಿಕ್ತಾ?”