ಸ್ಯಾನಿಟೈಜರಿಗೆ ಬಗ್ಗದ ರೋಗಾಣುಗಳು

ಸ್ಯಾನಿಟೈಜರ್ ಬಾಟಲಿಯ ಮೇಲೆ ‘ಶೇ. 99.9 ರೋಗಾಣು ನಾಶ’ ಎಂದಿರುತ್ತದೆ. ಯಾವ ರೋಗಾಣು ಎಂಬುದು ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ. ಕೊರೊನಾ, ಫ್ಲೂ ವೈರಸ್ ಅದಕ್ಕೆ ಬೇಗ ಸಾಯುತ್ತವೆ. ವಾಂತಿ-ಭೇದಿ ತರುವ ನೊರೊವೈರಸ್‌ಗೆ ಅದು ಅಷ್ಟಾಗಿ ನಾಟುವುದಿಲ್ಲ. ಕಾರಣ ಅವುಗಳ ಹೊರಮೈಯಲ್ಲಿದೆ.

ವೈರಸ್ ಎಂದರೆ ಒಂದಷ್ಟು ಡಿಎನ್ಎ ಅಥವಾ ಆರ್‌ಎನ್ಎ, ಅದರ ಸುತ್ತ ಪ್ರೋಟೀನ್ ಕವಚ. ಕೆಲವಕ್ಕೆ ಮಾತ್ರ ಮೇಲೊಂದು ಕೊಬ್ಬಿನ ಪೊರೆ. ಅದೂ ಕದ್ದ ಮಾಲು: ನಮ್ಮ ಜೀವಕೋಶದಿಂದ ಹೊರಬೀಳುವಾಗ ಅದರ ಪೊರೆಯನ್ನೇ ಹೊದ್ದು ಬರುತ್ತವೆ. ಮುಂದಿನ ಜೀವಕೋಶಕ್ಕೆ ಅಂಟಿಕೊಳ್ಳುವ ಮುಳ್ಳುಗಳು ನೆಟ್ಟಿರುವುದು ಈ ಪೊರೆಯಲ್ಲೇ. ಸೋಪು ಅಥವಾ ಆಲ್ಕೋಹಾಲ್ ಪೊರೆಯನ್ನು ಒಡೆದರೆ ವೈರಸ್ ಕೆಲಸ ಮುಗಿಯಿತು. ಡೆಂಗಿ, ಮಲೆನಾಡಿನ ಮಂಗನ ಕಾಯಿಲೆಯ ವೈರಸ್‌ಗಳಿಗೂ ಪೊರೆ ಇದೆ. ಆದರೆ ಅವು ಸೊಳ್ಳೆ, ಉಣ್ಣೆಯ ಮೂಲಕ ಬರುವುದರಿಂದ ಕೈಗೆ ಸ್ಯಾನಿಟೈಜರ್ ಹಚ್ಚಿಕೊಂಡು ಪ್ರಯೋಜನವಿಲ್ಲ.

ನೊರೊ, ಪೋಲಿಯೊ, ಹೆಪಟೈಟಿಸ್ ಎ ವೈರಸ್‌ಗಳಿಗೆ ಈ ಪೊರೆಯೇ ಇಲ್ಲ. ಹೊಟ್ಟೆಯ ಆಮ್ಲ ದಾಟಿ ಕರುಳು ಸೇರುವ ಗಟ್ಟಿ ಕವಚ ಅವುಗಳದು. ಸೋಪು ಇವನ್ನು ಕೊಲ್ಲದಿದ್ದರೂ ಚರ್ಮದಿಂದ ಬಿಡಿಸುತ್ತದೆ. 20 ಸೆಕೆಂಡ್ ಉಜ್ಜಿ, ಹರಿಯುವ ನೀರಲ್ಲಿ ತೊಳೆದರೆ ಹೋಗುತ್ತವೆ. ಸ್ಯಾನಿಟೈಜರ್ ಹಚ್ಚಿದರೆ ಎಲ್ಲವೂ ಕೈಮೇಲೇ ಉಳಿಯುತ್ತದೆ. ಅಂದಹಾಗೆ, ಸ್ಯಾನಿಟೈಜರಿನಲ್ಲಿ ಆಲ್ಕೋಹಾಲ್ ಶೇ. 60ರಿಂದ 80ರಷ್ಟಿರಬೇಕು. ಶೇ. 95 ಇನ್ನೂ ಒಳ್ಳೆಯದಲ್ಲವೇ ಎಂದರೆ, ಅಲ್ಲ. ಪ್ರೋಟೀನ್ ಕೆಡಿಸಲು ನೀರೂ ಬೇಕು.

ಮನೆಯಲ್ಲಿ ಯಾರಾದರೂ ವಾಂತಿ ಮಾಡಿಕೊಂಡರೆ ಕೈಗವಸು ಹಾಕಿಕೊಂಡು ಮೊದಲು ಪೇಪರಿನಿಂದ ಬಳಿದು ತೆಗೆಯಿರಿ, ಸೋಪುನೀರಲ್ಲಿ ಒರೆಸಿ, ಆಮೇಲೆ ಬ್ಲೀಚ್ ಹಾಕಿ. ಕೊಳೆಯ ಮೇಲೇ ಸುರಿದರೆ ಕ್ಲೋರಿನ್ ಕೊಳೆಗೇ ಖರ್ಚಾಗುತ್ತದೆ. ಶೇ. 5ರ ದ್ರವ ಬ್ಲೀಚ್ ಆದರೆ 100 ಮಿಲಿಗೆ 900 ಮಿಲಿ ತಣ್ಣೀರು; ನೆಲ ಹತ್ತು ನಿಮಿಷ ಒದ್ದೆಯಾಗಿಯೇ ಇರಲಿ. ಕಿಟಕಿ ತೆರೆದಿಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಮಾತ್ರ ಸೇರಿಸಬೇಡಿ, ಕ್ಲೋರಿನ್ ವಿಷಾನಿಲ ಏಳುತ್ತದೆ.

ಬ್ಯಾಕ್ಟೀರಿಯಾ ಜೀವಂತ ಕೋಶ, ಬಹುತೇಕ ವೈರಸ್‌ಗಳಿಗಿಂತ ಎಷ್ಟೋ ದೊಡ್ಡದು. ಹೆಚ್ಚಿನವು ನೀರು ಕುದಿಯುವಷ್ಟರಲ್ಲೇ ಸಾಯುತ್ತವೆ. ತಕರಾರು ಬೀಜಕ (ಸ್ಪೋರ್), ಅಂದರೆ ಬೀಜದಂಥ ಗಟ್ಟಿ ರೂಪ, ಕಟ್ಟುವ ಜಾತಿಗಳದು. ಅಕ್ಕಿಯಲ್ಲಿ ಸಾಮಾನ್ಯವಾಗಿ ಇರುವ ಬ್ಯಾಸಿಲಸ್ ಸೀರಿಯಸ್ ಅಂಥದ್ದು. ನೀರು ಬತ್ತಿದ, ದಪ್ಪ ಹೊದಿಕೆಯ ಅದರ ಬೀಜಕ 100 ಡಿಗ್ರಿಯಲ್ಲಿ ಅನ್ನ ಬೆಂದರೂ ಉಳಿಯಬಲ್ಲದು. ಅನ್ನ ಆರಿ ಉಗುರುಬೆಚ್ಚಗಾದಾಗ ಮೊಳೆತು, ಬೆಳೆದು, ವಾಂತಿ ತರಿಸುವ ವಿಷ ಬಿಡುತ್ತದೆ. ರಾತ್ರಿಯಿಡೀ ಹೊರಗಿದ್ದ ಅನ್ನವನ್ನು ಬೆಳಿಗ್ಗೆ ಒಗ್ಗರಣೆಗೆ ಹಾಕಿ ಚಿತ್ರಾನ್ನ ಮಾಡಿದರೆ ಬ್ಯಾಕ್ಟೀರಿಯಾ ಸಾಯಬಹುದು, ಈ ವಿಷ ಬಿಸಿಗೆ ಜಗ್ಗುವುದಿಲ್ಲ.

ಕುಕ್ಕರ್ ಇದೆಯಲ್ಲ ಎನ್ನಬಹುದು. ಒತ್ತಡದಲ್ಲಿ 121 ಡಿಗ್ರಿ ಮುಟ್ಟಿ 15 ನಿಮಿಷ ನಿಂತರೆ ಬೀಜಕವೂ ಸಾಯುತ್ತದೆ, ನಿಜ. ಮೂರು ಕೂಗಿಗೆ ಅಷ್ಟು ಹೊತ್ತು ಸಿಗುವುದಿಲ್ಲ. ಒಳಗಿನ ಗಾಳಿ ಪೂರ್ತಿ ಹೊರಹೋಗದೆ ವೇಯ್ಟ್ ಹಾಕಿದರೆ ಅಷ್ಟು ಬಿಸಿಯೂ ಏರುವುದಿಲ್ಲ. ಹಾಗಾಗಿ ಉಳಿದ ಅನ್ನವನ್ನು ಪಾತ್ರೆಯಲ್ಲೇ ಬಿಡದೆ ಅಗಲ ತಟ್ಟೆಯಲ್ಲಿ ತೆಳ್ಳಗೆ ಹರವಿ, ಬೇಗ ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ.