ಸ್ಕೇಲಿನಲ್ಲಿ ಸಾವಿರದೈನೂರು, ದಾರದಲ್ಲಿ ನಾನೂರೂ ಇಲ್ಲ

ಹೋದ ಭಾನುವಾರ ಮೈಸೂರಲ್ಲಿ, ನಮ್ಮ ಬೀದಿಯಲ್ಲಿ ಮಧ್ಯಾಹ್ನ ಪೂರ್ತಿ ಕರೆಂಟ್ ಇರಲಿಲ್ಲ. ಮಾಡೋಕೆ ಕೆಲಸವಿಲ್ಲದೆ ಮಗಳ ರೂಮಿನ ಗೋಡೆಗೆ ಅಂಟಿಸಿದ್ದ ಪ್ರಪಂಚದ ಮ್ಯಾಪ್ ಮುಂದೆ ಸ್ಕೇಲ್ ಹಿಡಿದು ನಿಂತೆ. ರಸ್ತೆಯೇ ಇಲ್ಲದ ಊರುಗಳು ಅಂದ್ರೆ ನನಗೆ ಮೊದಲಿಂದಲೂ ಒಂಥರಾ ಹುಚ್ಚು. ಕೆನಡಾದ ಉತ್ತರ ತುದಿಯ ನುನಾವುಟ್‌ನಲ್ಲಿ ರೆಸೊಲ್ಯೂಟ್ ಅಂತ ಒಂದು ಊರಿದೆ, ಅದಕ್ಕೂ ಮೇಲೆ ಗ್ರೀಸ್ ಫಿಯೋರ್ಡ್. ಒಂದೊಂದರಲ್ಲೂ ಇನ್ನೂರು ಜನರೂ ಇಲ್ಲ. ಅಕ್ಷಾಂಶ, ರೇಖಾಂಶ ನೋಡಿ ಪೆನ್ಸಿಲ್‌ನಲ್ಲಿ ಎರಡು ಚುಕ್ಕೆ ಇಟ್ಟು ಅಳೆದೆ. ಸಾವಿರದೈನೂರು ಕಿಲೋಮೀಟರ್ ಬಂತು.

ನಂಬಿಕೆ ಬರಲಿಲ್ಲ. ಹಾಲ್‌ನಲ್ಲಿ ಅಮ್ಮ ಮಲ್ಲಿಗೆ ಕಟ್ಟುತ್ತಾ ಕೂತಿದ್ದರು, ಅವರ ಹತ್ತಿರ ಒಂದು ಗೇಣು ದಾರ ಇಸ್ಕೊಂಡು ಹಳೇ ಗ್ಲೋಬ್ ಮೇಲೆ ಎಳೆದು ಹಿಡಿದೆ. ಎರಡೂ ಊರಿನ ಮಧ್ಯೆ ಒಂದು ಸೆಂಟಿಮೀಟರ್ ಕೂಡ ಇಲ್ಲ! ಅಷ್ಟೇ ಉದ್ದದ ದಾರವನ್ನು ಮೈಸೂರಿನ ಮೇಲಿಟ್ಟರೆ ಇನ್ನೊಂದು ತುದಿ ಹೆಚ್ಚುಕಮ್ಮಿ ಚೆನ್ನೈಗೆ ಮುಟ್ಟುತ್ತದೆ. ಆಮೇಲೆ ಲೆಕ್ಕ ಹಾಕಿದರೆ ಸುಮಾರು 385 ಕಿಲೋಮೀಟರ್.

ತಪ್ಪು ನನ್ನದೇ. ರೇಖಾಂಶದ ಗೆರೆಗಳು ಕೊಡೆಯ ಕಡ್ಡಿಗಳ ಹಾಗೆ, ಮೇಲೆ ಹೋದಂತೆ ಹತ್ತಿರವಾಗುತ್ತವೆ. ಮೈಸೂರಲ್ಲಿ ಒಂದು ಡಿಗ್ರಿ ಪೂರ್ವಕ್ಕೆ ಹೋದರೆ ಸುಮಾರು 109 ಕಿಲೋಮೀಟರ್, ಅಲ್ಲಿ ಬರೀ 28. ಗೋಡೆಯ ಮ್ಯಾಪ್‌ನಲ್ಲಿ ಮಾತ್ರ ಆ ಗೆರೆಗಳನ್ನು ಮೇಲಿಂದ ಕೆಳಗಿನವರೆಗೂ ನೆಟ್ಟಗೆ ಎಳೆದಿರುತ್ತಾರೆ, ಅದಕ್ಕೆ ಸರಿಯಾಗಿ ಊರುಗಳನ್ನೂ ಹಿಗ್ಗಿಸಿರುತ್ತಾರೆ. ಆ ಎತ್ತರದಲ್ಲಿ ನಾಲ್ಕು ಪಟ್ಟು!

"ಅಲ್ಲಿಗೆ ಬಸ್ ಇಲ್ವೇನೋ?" ಅಂದರು ಅಮ್ಮ. ಬಸ್ ಎಲ್ಲಿಂದ ಬರಬೇಕು, ಮಧ್ಯೆ ಸಮುದ್ರ, ಅದರ ಮೇಲೆ ಹಿಮ. ಅಕ್ಕಿ ಬೇಳೆ? ಭಾರದ ಸಾಮಾನೆಲ್ಲ ವರ್ಷಕ್ಕೊಂದು ಸಲ ಬೇಸಿಗೆಯಲ್ಲಿ ಹಡಗಲ್ಲಿ ಬರುತ್ತೆ ಅಂದೆ. "ನಮ್ಮಪ್ಪನೂ ವರ್ಷದ ರಾಗಿ ಒಂದೇ ಸಲ ಹಗೇವಿಗೆ ತುಂಬ್ತಿದ್ರು ಬಿಡು" ಅಂದರು, ಮಂಡ್ಯ ಕಡೆಯವರು. ಆ ಜನ ಇಷ್ಟಪಟ್ಟು ಅಲ್ಲಿಗೆ ಹೋದವರಲ್ಲ ಅನ್ನೋದನ್ನೂ ಹೇಳಿದೆ. 1953ರಲ್ಲಿ ಕೆನಡಾ ಸರ್ಕಾರವೇ ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಕುಟುಂಬಗಳನ್ನು ಸುಮಾರು 2000 ಕಿಲೋಮೀಟರ್ ದಕ್ಷಿಣದಿಂದ ತಂದು ಈ ಎರಡು ಕಡೆ ಬಿಟ್ಟಿತು, ಕ್ಷಮೆ ಕೇಳಿದ್ದು 2010ರಲ್ಲಿ. ಅಮ್ಮ ಸ್ವಲ್ಪ ಹೊತ್ತು ಹೂ ಕಟ್ಟೋದನ್ನೇ ನಿಲ್ಲಿಸಿದರು.

ಇನ್ನು ಒಂದು ಊರಿಂದ ಇನ್ನೊಂದಕ್ಕೆ ಹೋಗೋಕೆ ಹಿಡಿಯೋ ಸಮಯ. ಅಲ್ಲಿ ಓಡಾಡೋದು ಟ್ವಿನ್ ಆಟರ್ ಅನ್ನೋ ಚಿಕ್ಕ ವಿಮಾನ. ಎರಡು ಫ್ಯಾನು, ಹೆಚ್ಚಂದ್ರೆ 19 ಸೀಟು, 1965ರಲ್ಲಿ ಮೊದಲು ಹಾರಿದ್ದು. ಜಲ್ಲಿ ಹಾಸಿದ ಚಿಕ್ಕ ರನ್‌ವೇ ಸಾಕು ಅದಕ್ಕೆ. ವೇಗ ಗಂಟೆಗೆ ಸುಮಾರು 270 ಕಿಲೋಮೀಟರ್. ಗಾಳಿ ಇಲ್ಲದಿದ್ದರೆ ಒಂದು ಗಂಟೆ ಇಪ್ಪತ್ತೈದು ನಿಮಿಷ. 60 ಕಿಲೋಮೀಟರ್ ವೇಗದ ಗಾಳಿ ಎದುರಾದರೆ ಒಂದು ಐವತ್ತು, ಅದೇ ಗಾಳಿ ಬೆನ್ನಿಗಿದ್ದರೆ ಒಂದು ಹತ್ತು. ಒಂದೇ ದಾರಿ, ನಲವತ್ತು ನಿಮಿಷ ವ್ಯತ್ಯಾಸ! ಇನ್ನೊಂದು ಮಜಾ ಅಂದ್ರೆ ದಿಕ್ಸೂಚಿಯ ಮುಳ್ಳು ತೋರಿಸೋ ಭೂಮಿಯ ಕಾಂತದ ಧ್ರುವ ಅಷ್ಟೇನೂ ದೂರ ಇಲ್ಲದ್ದರಿಂದ ಆ ಕಡೆ ದಿಕ್ಸೂಚಿಯನ್ನು ನಂಬೋ ಹಾಗಿಲ್ಲ, ರನ್‌ವೇಗೆ ಅದರ ದಿಕ್ಕು ನೋಡಿ ಕೊಡೋ ನಂಬರನ್ನೂ ದಿಕ್ಸೂಚಿ ತೋರಿಸೋ ಉತ್ತರ ದಿಕ್ಕಿನಿಂದಲ್ಲ, ಭೂಮಿಯ ನಿಜವಾದ ಉತ್ತರ ದಿಕ್ಕಿನಿಂದಲೇ ಲೆಕ್ಕ ಹಾಕುತ್ತಾರೆ.

"ಮಂಜು ಕವಿದರೆ?"

"ವಿಮಾನ ಬರಲ್ಲಮ್ಮ, ಕಾಯ್ತಾರೆ."

"ಎಷ್ಟು ಹೊತ್ತು?"

"ಮಂಜು ಸರಿಯೋ ತನಕ."

"ಮತ್ತೆ ಗಂಟೆ ನಿಮಿಷ ಎಲ್ಲಾ ಯಾಕೋ ಲೆಕ್ಕ ಹಾಕಿದೆ? ದಾರ ಕೊಡು ಇಲ್ಲಿ."