ನೀತಿಯ ಬಾಗಿಲು ಯಾವ ಕಡೆಗಿದೆ? – ಒಂದು ಬೇಸಿಗೆ ಇಂಟರ್ನ್‌ಶಿಪ್‌ನ ಹುಡುಕಾಟ

ದಂತವೈದ್ಯಕೀಯ ಪದವಿ ಮುಗಿಸಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಓದಿಗೆ ಸೇರಿದವರು ನಮ್ಮ ತರಗತಿಯಲ್ಲಿ ಹಲವರಿದ್ದೆವು. ಮೊದಲ ವರ್ಷದ ಕೊನೆಗೆ ಬೇಸಿಗೆ ಇಂಟರ್ನ್‌ಶಿಪ್ ಕಡ್ಡಾಯ. ಸಮೀಕ್ಷೆ ನಡೆಸುವ ಸಂಸ್ಥೆಗಳಲ್ಲಿ ಜಾಗ ಸಿಗುವುದು ಅಷ್ಟೇನೂ ಕಷ್ಟವಲ್ಲ. ಆದರೆ ಯಾವ ಕಾಯಿಲೆಗೆ ಎಷ್ಟು ಹಣ, ಅದು ಯಾರ ಕೈಯಿಂದ, ಯಾವ ನಿಯಮದಡಿ ಖರ್ಚಾಗಬೇಕು ಎಂಬುದು ತೀರ್ಮಾನವಾಗುವ ಕಡೆ ಕೆಲಸ ಕಲಿಯಬೇಕೆಂಬುದು ನನ್ನ ಆಸೆಯಾಗಿತ್ತು.

ಎಲ್ಲರಿಗೂ ಗೊತ್ತಿರುವ ದಾರಿಗಳು ಎರಡು. ನೀತಿ ಆಯೋಗದ ಇಂಟರ್ನ್‌ಶಿಪ್ ಕನಿಷ್ಠ ಆರು ವಾರ, ಗರಿಷ್ಠ ಆರು ತಿಂಗಳಿನದು, ಅದಕ್ಕೆ ಭತ್ಯೆಯಿಲ್ಲ. ದೆಹಲಿಯಲ್ಲಿ ಎರಡು ತಿಂಗಳ ಬಾಡಿಗೆ, ಊಟದ ಲೆಕ್ಕ ಹಾಕಿ ಅಪ್ಪನ ಮುಂದಿಟ್ಟಾಗ, “ಡಾಕ್ಟರ್ ಓದಿದ ಮೇಲೂ ನಾವೇ ದುಡ್ಡು ಕಳಿಸಬೇಕೇನಮ್ಮ?” ಎಂದರು, ಅವರ ಪ್ರಶ್ನೆ ನ್ಯಾಯವಾದದ್ದೇ. ವಿಶ್ವ ಆರೋಗ್ಯ ಸಂಸ್ಥೆ 2020ರಿಂದ ಭತ್ಯೆ ಕೊಡುತ್ತಿದೆಯಾದರೂ ಅಲ್ಲಿಗೆ ಇಡೀ ಜಗತ್ತಿನಿಂದ ಅರ್ಜಿಗಳು ಬರುತ್ತವೆ.

ಹೀಗಾಗಿ ಬೆಂಗಳೂರಿನ ಸಂಸ್ಥೆಗಳಿಗೆ ಒಂದೇ ಒಕ್ಕಣೆಯ ಇಪ್ಪತ್ತಮೂರು ಮಿಂಚಂಚೆ ಕಳಿಸಿದೆ. ಉತ್ತರ ಬಂದದ್ದು ಎರಡಕ್ಕೆ. ಒಂದು ಕಡೆ ಪ್ರಶ್ನಾವಳಿಗಳನ್ನು ಎಕ್ಸೆಲ್‌ಗೆ ತುಂಬುವ ಕೆಲಸ. ಇನ್ನೊಂದು ಕಡೆ ತರಬೇತಿ ಶುಲ್ಕವೆಂದು ನನ್ನಿಂದಲೇ ಹಣ ಕೇಳಿದರು.

ಇದನ್ನು ಹೇಳಿಕೊಂಡಾಗ ನಮ್ಮ ಅಧ್ಯಾಪಕಿಯೊಬ್ಬರು ಸಮಾಧಾನ ಹೇಳಲಿಲ್ಲ. “ಅವಕಾಶ ಕೊಡಿ ಅಂತ ಬರೆದಿದ್ದೀಯ, ಏನು ತಿಳಿದುಕೊಳ್ಳಬೇಕು ಅಂತ ಎಲ್ಲಿ ಬರೆದಿದ್ದೀಯ?” ಎಂದು ಕೇಳಿ, ತುಮಕೂರಿನ ಕ್ಷಯರೋಗ ಅಧ್ಯಯನವನ್ನು ಓದಲು ಕೊಟ್ಟರು. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್‌ಸನ್ ನಡೆಸಿ, 1963ರಲ್ಲಿ ಪ್ರಕಟಿಸಿದ ಅಧ್ಯಯನವದು. ಹಳ್ಳಿಯವರಿಗೆ ರೋಗದ ಅರಿವಿಲ್ಲ ಎಂದು ಊಹಿಸಿ ಕೂರದೆ ಅವರು ರೋಗಿಗಳನ್ನೇ ಮಾತನಾಡಿಸಿದರು. ಬಹುಪಾಲು ಜನರಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು, ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಕೇಳಿಕೊಂಡು ಹೋಗಿದ್ದರು. ತಮ್ಮ ಬಾಗಿಲಿಗೆ ಬಂದ ರೋಗಿಯನ್ನು ಗುರುತಿಸದೆ ವಾಪಸು ಕಳಿಸುತ್ತಿದ್ದುದು ಆಸ್ಪತ್ರೆಗಳೇ. ಅಧ್ಯಯನ ಪ್ರಕಟವಾಗುವ ಮೊದಲೇ, 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ಪತ್ತೆ ಮತ್ತು ಚಿಕಿತ್ಸೆಯನ್ನು ಸಾಮಾನ್ಯ ಆಸ್ಪತ್ರೆಗಳಿಗೇ ವಹಿಸಿದ್ದರ ಹಿಂದೆ ಈ ತಿಳಿವಳಿಕೆಯೂ ಇತ್ತು. ತುಮಕೂರು ನನ್ನ ಜಿಲ್ಲೆ. ಆದರೂ ಈ ವಿಷಯ ಕೇಳಿದ್ದು ಅದೇ ಮೊದಲು, ನಾಚಿಕೆಯಾಯಿತು.

ಆ ವಾರಾಂತ್ಯ ಊರಿಗೆ ಹೋದವಳು ಆಶಾ ಕಾರ್ಯಕರ್ತೆಯಾಗಿರುವ ಚಿಕ್ಕಮ್ಮನನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಯ ಪಾಸ್‌ಬುಕ್ ತೋರಿಸಲು ಕೇಳಿದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ನಿಯಮದಂತೆ ಈ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯವರೆಗೆ ‘ಅನ್‌ಟೈಡ್ ಫಂಡ್’ ಬರಬೇಕು. ಊರಿನ ಅಗತ್ಯ ನೋಡಿ ಊರವರೇ ಅದನ್ನು ಬಳಸಬಹುದು. ನಮ್ಮೂರಿನ ಪಾಸ್‌ಬುಕ್ಕಿನಲ್ಲಿ ಹೆಚ್ಚಿನ ಖರ್ಚು ಹಣಕಾಸು ವರ್ಷ ಮುಗಿಯುವ ಮಾರ್ಚ್ ತಿಂಗಳಲ್ಲೇ ಆಗಿತ್ತು, ಅದೂ ಬಹುಪಾಲು ಬ್ಲೀಚಿಂಗ್ ಪೌಡರಿಗೆ. ಊರವರ ಆಯ್ಕೆಯೆಂದು ಕಾಗದದಲ್ಲಿರುವ ಹಣದ ಬಳಕೆಯನ್ನು ನಿಜವಾಗಿ ನಿರ್ಧರಿಸುವವರು ಯಾರು? (ಚಿಕ್ಕಮ್ಮನಲ್ಲದೆ ಬೇರೆಯವರಾಗಿದ್ದರೆ ಪಾಸ್‌ಬುಕ್ ಕೈಗೆ ಸಿಗುತ್ತಿತ್ತೇ ಎಂಬ ಅನುಮಾನವೂ ನನಗಿದೆ.)

ಈ ಪ್ರಶ್ನೆಯನ್ನೇ ಒಂದು ಪುಟದ ಪತ್ರವಾಗಿಸಿ, ಪಾಸ್‌ಬುಕ್ಕಿನಲ್ಲಿ ಕಂಡದ್ದನ್ನು ಎರಡು ಪುಟದ ಟಿಪ್ಪಣಿಯಾಗಿ ಲಗತ್ತಿಸಿ, ಈ ಬಾರಿ ನಾಲ್ಕೇ ಕಡೆಗೆ, ಒಬ್ಬೊಬ್ಬರ ಕೆಲಸವನ್ನೂ ಓದಿಕೊಂಡು ಕಳಿಸಿದೆ. ಮೂರು ಕಡೆಯಿಂದ ಉತ್ತರ ಬಂತು. ಆರೋಗ್ಯ ವೆಚ್ಚದ ಮೇಲೆ ಕೆಲಸ ಮಾಡುವ ಸಣ್ಣ ತಂಡವೊಂದು ಎಂಟು ವಾರಗಳಿಗೆ ಒಪ್ಪಿತು. ಬಸ್ ಖರ್ಚು ಮತ್ತು ಊಟ ಅವರದು.

ಮೊದಲ ದಿನ ನನ್ನ ಟಿಪ್ಪಣಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದ ಹಿರಿಯ ಸಂಶೋಧಕರು, “ಪಾಸ್‌ಬುಕ್ ನೋಡಿದ್ದೀರಿ, ಸರಿ. ಸಮಿತಿಯ ನಡಾವಳಿ ಪುಸ್ತಕ ನೋಡಿದಿರಾ?” ಎಂದರು. ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಆರೂವರೆಗೆ ಮೆಜೆಸ್ಟಿಕ್‌ನಲ್ಲಿ ತುಮಕೂರಿನ ಬಸ್ಸು ಹತ್ತಿದೆ.